ಲಿನಕ್ಸ್ ಕರ್ನಲ್ ಒಳಗೆ ರ್ಯಾಂಡಮ್ ಸಂಖ್ಯೆ ಪಡೆಯುವುದು ಹೇಗೆ

ಕರ್ನಲ್ ಒಳಗೆ ಸಿ ಲೈಬ್ರರಿಯ ರ್ಯಾಂಡ್ ಸಿಗುವುದಿಲ್ಲ, ಸಿಗದಿರುವುದೇ ಒಳ್ಳೆಯದು. ಹಾಗಂತ ಜಿಫೀಸ್ (ಕರ್ನಲ್‌ನ ಟಿಕ್ ಎಣಿಕೆ) ಅನ್ನೇ ಸೀಡ್ (ಸರಣಿ ಶುರುವಾಗುವ ಮೂಲ ಸಂಖ್ಯೆ) ಮಾಡಿಕೊಂಡು ಸ್ವಂತ ಜನರೇಟರ್ ಬರೆಯಲು ಹೋಗಬೇಡಿ. ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 250 ಇರುವ ಕರ್ನಲ್‌ನಲ್ಲಿ ಜಿಫೀಸ್ ಬದಲಾಗುವುದು 4 ಮಿಲಿಸೆಕೆಂಡಿಗೊಮ್ಮೆ. ಮಾಡ್ಯೂಲ್ ಯಾವ ಸೆಕೆಂಡಿನಲ್ಲಿ ಲೋಡ್ ಆಯಿತೆಂದು ಗೊತ್ತಾದರೆ ಸಾಕು, ಪರೀಕ್ಷಿಸಬೇಕಾದ ಸೀಡ್‌ಗಳು 250 ಮಾತ್ರ.

ರ್ಯಾಂಡಮ್ ಸಂಖ್ಯೆ ಕೊಡುವ ಪ್ರೊಸೆಸರಿನ ಆರ್‌ಡಿರ್ಯಾಂಡ್ ಸೂಚನೆಯನ್ನು ನೇರವಾಗಿ ಕರೆಯುವುದೂ ಬೇಡ. ಸಸ್ಪೆಂಡ್‌ನಿಂದ ಎದ್ದ ಮೇಲೆ ಎಲ್ಲ ಬಿಟ್‌ಗಳನ್ನೂ 1 ಎಂದೇ ಕೊಟ್ಟು, ಜೊತೆಗೆ ‘ಯಶಸ್ವಿ’ ಎಂದೂ ಹೇಳಿದ ಚಿಪ್‌ಗಳಿವೆ. ಕರ್ನಲ್ ಅದನ್ನು ಬಳಸುತ್ತದೆ, ಆದರೆ ಇಂಟರಪ್ಟ್ ಬಂದ ಸಮಯವೇ ಮೊದಲಾದವುಗಳ ಜೊತೆ ಬ್ಲೇಕ್2ಎಸ್ ಹ್ಯಾಶ್‌ನಲ್ಲಿ ಕಲಸಿ, ಅಲ್ಲಿಂದ ಬಂದ ಕೀಲಿಯಿಂದ ಚಾಚಾ20 ಸೈಫರ್ ಓಡಿಸುತ್ತದೆ. ಹಾಗಾಗಿ ಒಂದು ಮೂಲ ಕೆಟ್ಟರೂ ಉಳಿದವು ಕಾಯುತ್ತವೆ.

ಬಳಸುವುದು ಸುಲಭ. ಲಿನಕ್ಸ್/ರ್ಯಾಂಡಮ್.ಎಚ್ ಸೇರಿಸಿ. ಕೀಲಿ, ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ) ಇಂಥವಕ್ಕೆ ಬಫರ್ ಮತ್ತು ಉದ್ದ ಕೊಟ್ಟು ಗೆಟ್_ರ್ಯಾಂಡಮ್_ಬೈಟ್ಸ್ ಕರೆಯಿರಿ. ಒಂದೇ ಸಂಖ್ಯೆ ಸಾಕಾದರೆ ಗೆಟ್_ರ್ಯಾಂಡಮ್_ಯು32 ಅಥವಾ ಯು64. ಇವು ಪ್ರತಿ ಸಿಪಿಯುಗೂ ಮುಂಚೆಯೇ ತಯಾರಿಸಿಟ್ಟ ರಾಶಿಯಿಂದ ತೆಗೆದುಕೊಡುವುದರಿಂದ ಅಗ್ಗ.

ಮಿತಿಯೊಳಗಿನ ಸಂಖ್ಯೆ ಬೇಕಾದಾಗ ಶೇಷ ತೆಗೆಯುವ ಅಭ್ಯಾಸ ಬಿಡಿ. 0ರಿಂದ 255ರ ಒಂದು ಬೈಟನ್ನು 100ರಿಂದ ಭಾಗಿಸಿ ಶೇಷ ತೆಗೆದರೆ 0–55ರ ಪ್ರತಿ ಸಂಖ್ಯೆಗೂ ಮೂರು ದಾರಿ, 56–99ಕ್ಕೆ ಎರಡೇ. ಅಂದರೆ ಚಿಕ್ಕ ಸಂಖ್ಯೆಗಳು ಒಂದೂವರೆ ಪಟ್ಟು ಹೆಚ್ಚು ಬರುತ್ತವೆ. ಕರ್ನಲ್ 6.2ರಿಂದ ಇದಕ್ಕೆಂದೇ ಗೆಟ್_ರ್ಯಾಂಡಮ್_ಯು32_ಬಿಲೋ ಇದೆ: 100 ಕೊಟ್ಟರೆ 0ರಿಂದ 99ರವರೆಗೆ ಸಮನಾಗಿ ಕೊಡುತ್ತದೆ. ಎರಡೂ ತುದಿ ಸೇರಬೇಕಿದ್ದರೆ ಇನ್‌ಕ್ಲೂಸಿವ್ ರೂಪ ಬಳಸಿ.

ನಿಜವಾದ ತೊಂದರೆ ಬೂಟ್ ಆಗುವಾಗ. ಜನರೇಟರ್ 256 ಬಿಟ್ ಎಂಟ್ರಪಿ (ಊಹಿಸಲಾಗದಿಕೆಯ ಅಳತೆ) ಕೂಡಿಸಿಕೊಳ್ಳುವ ಮುಂಚೆ ಗೆಟ್_ರ್ಯಾಂಡಮ್_ಬೈಟ್ಸ್ ಕರೆದರೆ ಅದು ಕಾಯುವುದಿಲ್ಲ, ದೋಷವನ್ನೂ ಹೇಳುವುದಿಲ್ಲ. ಊಹಿಸಬಹುದಾದ ಬೈಟ್‌ಗಳನ್ನೇ ತುಂಬಿಸಿಕೊಡಬಹುದು. ಕರ್ನಲ್ ಲಾಗ್ ತೋರಿಸುವ ಡಿಎಂಇಎಸ್‌ಜಿಯಲ್ಲಿ, ಜನರೇಟರ್ ಸಿದ್ಧ ಎನ್ನುವ ‘ಸಿಆರ್‌ಎನ್‌ಜಿ ಇನಿಟ್ ಡನ್’ ಸಾಲು ಎಷ್ಟನೇ ಸೆಕೆಂಡಿನಲ್ಲಿದೆ ನೋಡಿ. ನಿಮ್ಮ ಡ್ರೈವರ್ ಅದಕ್ಕಿಂತ ಮುಂಚೆ ಕೀಲಿ ಮಾಡುತ್ತಿದ್ದರೆ ಆ ಕೀಲಿ ನಂಬಿಕೆಗೆ ಅರ್ಹವಲ್ಲ.

ದೀರ್ಘಕಾಲ ಬಾಳುವ ಕೀಲಿಗೆ ಮೊದಲು ವೇಟ್_ಫಾರ್_ರ್ಯಾಂಡಮ್_ಬೈಟ್ಸ್ ಕರೆಯಿರಿ. ಅದು 0 ಕೊಟ್ಟರೆ ಮುಂದುವರಿಯಿರಿ. ನಡುವೆ ಸಿಗ್ನಲ್ ಬಂದರೆ ಋಣ ಸಂಖ್ಯೆ ಬರುತ್ತದೆ, ಅದನ್ನು ನುಂಗಿಕೊಳ್ಳದೆ ಕರೆದವರಿಗೆ ಹಿಂತಿರುಗಿಸಿ. ಇದು ನಿದ್ರಿಸಬಲ್ಲ ಫಂಕ್ಷನ್, ಆದ್ದರಿಂದ ಸ್ಪಿನ್‌ಲಾಕ್ ಹಿಡಿದಾಗಲಾಗಲಿ ಇಂಟರಪ್ಟ್ ಹ್ಯಾಂಡ್ಲರಿನಲ್ಲಾಗಲಿ ಕರೆಯುವಂತಿಲ್ಲ. ಕರ್ನಲ್‌ಗೇ ಬೆಸೆದ ಡ್ರೈವರ್‌ನ ಇನಿಟ್‌ನಲ್ಲಿ ಕಾಯುತ್ತ ಕೂತರೆ ಬೂಟ್ ಕೂಡ ಕಾಯುತ್ತದೆ. ಕೀಲಿ ಮಾಡುವುದನ್ನು ಮೊದಲ ಬಳಕೆಯವರೆಗೆ ಮುಂದೂಡುವುದೇ ಮೇಲು.

ಆವೃತ್ತಿ 5.4ರಿಂದ ಯಾರಾದರೂ ಹೀಗೆ ಕಾದರೆ ಕರ್ನಲ್ ಸಿಪಿಯು ಸೈಕಲ್ ಕೌಂಟರಿನ ಏರಿಳಿತದಿಂದ ತಾನೇ ಎಂಟ್ರಪಿ ಹುಟ್ಟಿಸಲು ನೋಡುತ್ತದೆ. ಸೈಕಲ್ ಕೌಂಟರೇ ಇಲ್ಲದ ಸಣ್ಣ ಬೋರ್ಡ್‌ಗಳಲ್ಲಿ ಈ ಉಪಾಯ ನಡೆಯದಿರಬಹುದು. ಅಲ್ಲಿ ಬೂಟ್‌ಲೋಡರ್‌ನಿಂದ ಸೀಡ್ ಕೊಡಿಸಿ, ಇಲ್ಲವೇ ಹಾರ್ಡ್‌ವೇರ್ ಜನರೇಟರಿನ ಡ್ರೈವರ್ ಸೇರಿಸಿ. ಸೀರಿಯಲ್ ಸಂಖ್ಯೆ, ಮ್ಯಾಕ್ ವಿಳಾಸಗಳನ್ನು ಆಡ್_ಡಿವೈಸ್_ರ್ಯಾಂಡಮ್‌ನೆಸ್ ಮೂಲಕ ಸೇರಿಸಬಹುದು, ಒಂದೇ ಅಚ್ಚಿನ ಸಾಧನಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದರೆ ಅದಕ್ಕೆ ಒಂದು ಬಿಟ್ ಎಂಟ್ರಪಿಯೂ ಲೆಕ್ಕಕ್ಕೆ ಬರುವುದಿಲ್ಲ.

ಬಳಸಿ ಮುಗಿದ ಕೀಲಿಯನ್ನು ಮೆಮ್‌ಝೀರೋ_ಎಕ್ಸ್‌ಪ್ಲಿಸಿಟ್‌ನಿಂದ ಒರೆಸಿ. ಮತ್ತೆ ಓದದ ಬಫರಿಗೆ ಹಾಕಿದ ಸಾದಾ ಮೆಮ್‌ಸೆಟ್ಟನ್ನು ಕಂಪೈಲರ್ ತೆಗೆದುಹಾಕಬಹುದು. ಬಫರ್ ಕೆಮ್ಯಾಲಕ್‌ನಿಂದ ಪಡೆದದ್ದಾದರೆ ಕೆಫ್ರೀ_ಸೆನ್ಸಿಟಿವ್ ಒರೆಸುವುದನ್ನೂ ಬಿಡುವುದನ್ನೂ ಒಟ್ಟಿಗೇ ಮಾಡುತ್ತದೆ.

ಪರೀಕ್ಷೆಗೆ ಪ್ರತಿಸಲವೂ ಅದೇ ಸರಣಿ ಬೇಕೆಂದರೆ ಪಿರ್ಯಾಂಡಮ್_ಸೀಡ್_ಸ್ಟೇಟ್‌ಗೆ ನಿಶ್ಚಿತ ಸೀಡ್ ಕೊಟ್ಟು ಪಿರ್ಯಾಂಡಮ್_ಯು32_ಸ್ಟೇಟ್ ಬಳಸಿ. ಟೆಸ್ಟ್ ವಿಫಲವಾದರೆ ಆ ಸೀಡನ್ನು ಲಾಗ್‌ನಲ್ಲಿ ಮುದ್ರಿಸುವುದನ್ನು ಮರೆಯಬೇಡಿ.