ಎಕ್ಸೆಲ್ ಹಳೆಯದಿರಲಿ, ಹೊಸದಿರಲಿ: ಶೀಟುಗಳನ್ನು ಕೋಡ್‌ನಿಂದ ಸಾಲಾಗಿ ಜೋಡಿಸಿ

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿ ಎಂದುಕೊಳ್ಳಿ. ಮೆಕ್ಕೆಜೋಳದ ಲೆಕ್ಕಕ್ಕೆ ತಾಲ್ಲೂಕಿಗೊಂದು ಶೀಟ್. ಸೀಸನ್ ಮುಗಿಯುವಷ್ಟರಲ್ಲಿ ಜಗಳೂರು ಮುಂದೆ, ಹರಿಹರ ಕೊನೆಗೆ, ನ್ಯಾಮತಿ ನಡುವೆ ಎಲ್ಲೋ. ಶೀಟುಗಳನ್ನು ಕ್ರಮಕ್ಕೆ ತರುವ ಬಟನ್ ಎಕ್ಸೆಲ್‌ನಲ್ಲಿಲ್ಲ. ಒಂದೇ ಫೈಲ್ ಆದರೆ ಮೌಸ್‌ನಿಂದ ಎಳೆದುಬಿಡಿ, ಅದಕ್ಕೆ ಕೋಡ್ ಯಾಕೆ? ತಿಂಗಳಿಗೊಂದು ಫೈಲ್ ಇದ್ದರೆ ಮುಂದೆ ಓದಿ.

ಅಂಗಡಿಯ ಲೆಕ್ಕ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆ್ಯಕ್ಸೆಸ್‌ನಲ್ಲಿದೆ, ಅಲ್ಲಿಂದಲೇ ಎಕ್ಸೆಲ್‌ಗೆ ಕೆಲಸ ಹೇಳಬೇಕು. ಇದಕ್ಕೆ ಎರಡು ದಾರಿ. ಆಫೀಸ್‌ನೊಳಗಿನ ಕೋಡ್ ಭಾಷೆ ವಿಬಿಎ. ಅದರ ಎಡಿಟರ್‌ನ ರೆಫರೆನ್ಸಸ್ ಪಟ್ಟಿಯಲ್ಲಿ ಎಕ್ಸೆಲ್ ಲೈಬ್ರರಿಗೆ (ಎಕ್ಸೆಲ್‌ನ ಆದೇಶಗಳ ಸಂಗ್ರಹ) ಟಿಕ್ ಹಾಕುವುದು ಅರ್ಲಿ ಬೈಂಡಿಂಗ್. ಟಿಕ್ ಹಾಕದೆ, ಕೋಡ್ ಓಡುವಾಗಲೇ ಆ ಕಂಪ್ಯೂಟರ್‌ನಲ್ಲಿರುವ ಎಕ್ಸೆಲ್ ಅನ್ನು ಹಿಡಿಯುವುದು ಲೇಟ್ ಬೈಂಡಿಂಗ್. ಹೊಸ ಆಫೀಸ್‌ನಲ್ಲಿ ಟಿಕ್ ಹಾಕಿ ಬರೆದದ್ದನ್ನು ಹಳೆ ಕಂಪ್ಯೂಟರ್‌ನಲ್ಲಿ ತೆರೆದರೆ ‘ಮಿಸ್ಸಿಂಗ್’ ಎಂದು ನಿಂತುಬಿಡಬಹುದು. ಪಿ.ಜೆ. ಬಡಾವಣೆಯ ಆಡಿಟರ್ ಹತ್ತಿರ ಒಂದು ಎಕ್ಸೆಲ್, ಮಂಡಿಯಲ್ಲಿ ಇನ್ನೊಂದು ಇದ್ದರೆ ಲೇಟ್ ಬೈಂಡಿಂಗೇ ವಾಸಿ.

ಮೊದಲು ಫೈಲಿನ ನಕಲು ಇಟ್ಟುಕೊಳ್ಳಿ. ಕೋಡ್ ಮಾಡಿದ್ದನ್ನು ಕಂಟ್ರೋಲ್ ಝಡ್ ವಾಪಸ್ ತರುವುದಿಲ್ಲ. ಆ ಲೈಬ್ರರಿಯ ಟಿಕ್ ತೆಗೆಯಿರಿ. ಎಕ್ಸೆಲ್, ವರ್ಕ್‌ಬುಕ್, ಶೀಟ್ ಮೂರಕ್ಕೂ ವೇರಿಯಬಲ್‌ಗಳನ್ನು (ಕೋಡ್‌ನಲ್ಲಿ ಅವನ್ನು ಹಿಡಿದಿಡುವ ಹೆಸರುಗಳು) ‘ಆ್ಯಸ್ ಆಬ್ಜೆಕ್ಟ್’ ಎಂದೇ ಬರೆಯಿರಿ. ಕ್ರಿಯೇಟ್‌ಆಬ್ಜೆಕ್ಟ್‌ಗೆ ‘ಎಕ್ಸೆಲ್ ಡಾಟ್ ಅಪ್ಲಿಕೇಶನ್’ ಕೊಟ್ಟು ಎಕ್ಸೆಲ್ ಶುರು ಮಾಡಿ, ವರ್ಕ್‌ಬುಕ್ಸ್ ಡಾಟ್ ಓಪನ್‌ನಿಂದ ಫೈಲ್ ತೆರೆಯಿರಿ. ಕಲಿಯುವಾಗ ವಿಸಿಬಲ್ ಅನ್ನು ಟ್ರೂ ಮಾಡಿಡಿ, ಶೀಟುಗಳು ಓಡಾಡುವುದು ಕಾಣುತ್ತದೆ.

ಈಗ ಕ್ರಮ. ಅದನ್ನು ಕೋಡಿನೊಳಗೆ ಬರೆಯಬೇಡಿ. ಕನ್ನಡ ಅಕ್ಷರಗಳಿಗೆ ಬೇಕಾದ ಯೂನಿಕೋಡ್ ಸಂಕೇತ ವಿಬಿಎ ಎಡಿಟರ್‌ಗೆ ಬರುವುದಿಲ್ಲ, ‘ಚನ್ನಗಿರಿ’ ಎಂದು ಹಾಕಿದರೆ ಬರೀ ಪ್ರಶ್ನೆಚಿಹ್ನೆಗಳು ಕೂರುತ್ತವೆ. ಅದೇ ಫೈಲಿನಲ್ಲಿ ‘ಆರ್ಡರ್’ ಎಂಬ ಶೀಟ್ ಮಾಡಿ, ಆ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಮೊದಲ ಕಾಲಂನಲ್ಲಿ ಮೇಲಿನಿಂದ ಕೆಳಗೆ ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ಬರೆಯಿರಿ. ನಾಳೆ ಕ್ರಮ ಬದಲಿಸಲು ಗುಮಾಸ್ತರಿಗೆ ಕೋಡ್ ಗೊತ್ತಿರಬೇಕಿಲ್ಲ.

ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸಿಕ್ಕ ಪ್ರತಿ ಶೀಟನ್ನೂ ಮೂವ್ ಆದೇಶದಿಂದ 1ನೇ ಶೀಟಿನ ಮುಂದಕ್ಕೆ ತನ್ನಿ. ಮೊದಲು ಜಗಳೂರು ಬರುತ್ತದೆ, ಅದರ ಮುಂದೆ ಚನ್ನಗಿರಿ, ಕೊನೆಗೆ ಎಲ್ಲರಿಗಿಂತ ಮುಂದೆ ದಾವಣಗೆರೆ. ಪಟ್ಟಿಯಲ್ಲಿಲ್ಲದ ಶೀಟುಗಳು ತಾವಾಗಿಯೇ ಬಲಕ್ಕೆ ಉಳಿಯುತ್ತವೆ. ಮೂವ್‌ಗೆ ಬಿಫೋರ್ (ಯಾವ ಶೀಟಿನ ಮುಂದೆ), ಆಫ್ಟರ್ (ಯಾವ ಶೀಟಿನ ನಂತರ) ಎರಡನ್ನೂ ಕೊಡದೆ ಬಿಟ್ಟರೆ ಮಾತ್ರ ಶೀಟ್ ಎದ್ದು ಹೊಸ ವರ್ಕ್‌ಬುಕ್‌ಗೆ ಹೋಗಿಬಿಡುತ್ತದೆ!

ಲೇಟ್ ಬೈಂಡಿಂಗ್‌ನ ನಿಜವಾದ ಕಿರಿಕಿರಿ ಬೇರೆ. ಪಟ್ಟಿಯ ಕೊನೆಯ ಸಾಲು ಹುಡುಕಲು ಬಳಸುವ, ಎಕ್ಸೆಲ್ ಲೈಬ್ರರಿಯದೇ ಹೆಸರಾದ ‘ಎಕ್ಸ್‌ಎಲ್‌ಅಪ್’ ಆ್ಯಕ್ಸೆಸ್‌ಗೆ ಗೊತ್ತೇ ಇರುವುದಿಲ್ಲ. ಅದರ ಜಾಗದಲ್ಲಿ -4162 ಎಂಬ ಅಂಕಿಯನ್ನೇ ಬರೆಯಬೇಕು. ಡಾಟ್ ಒತ್ತಿದಾಗ ಬರುವ ಸಲಹೆಪಟ್ಟಿಯೂ ಇಲ್ಲ. ಅದಕ್ಕೇ ಹಲವರು ಬರೆಯುವಾಗ ಟಿಕ್ ಹಾಕಿಕೊಂಡು, ಹಂಚುವ ಮುಂಚೆ ತೆಗೆಯುತ್ತಾರೆ. ಜಾಣತನವೇ, ಅಲ್ವಾ?

ಎರರ್ 9 ಬಂದರೆ ಪಟ್ಟಿಯ ಹೆಸರಿಗೂ ಶೀಟಿನ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದರ್ಥ. ಹೆಚ್ಚಿನ ಸಲ ಹೆಸರಿನ ಕೊನೆಗೆ ಸೇರಿದ ಖಾಲಿ ಜಾಗ ಕಾರಣ, ಅದನ್ನು ಕತ್ತರಿಸುವ ಟ್ರಿಮ್ ಫಂಕ್ಷನ್ ಸಾಕು. ಶೀಟಿನ ಹೆಸರು ‘2024’ ಎಂದಿದ್ದರೆ ಎಕ್ಸೆಲ್ ಅದನ್ನು 2024ನೇ ಶೀಟ್ ಎಂದುಕೊಳ್ಳುತ್ತದೆ. ಸಿಸ್ಟ್ರ್ (CStr) ಫಂಕ್ಷನ್‌ನಿಂದ ಅಂಕಿಯನ್ನು ಪಠ್ಯವಾಗಿ ಮಾಡಿ ಕೊಡಿ. ಪ್ರೊಟೆಕ್ಟ್ ವರ್ಕ್‌ಬುಕ್ ಹಾಕಿದ್ದರೆ ಶೀಟುಗಳು ಅಲುಗಾಡುವುದಿಲ್ಲ, ಮೊದಲು ಅದನ್ನು ಬಿಡಿಸಿ.

ಕೊನೆಗೆ ಸೇವ್, ಕ್ಲೋಸ್, ಕ್ವಿಟ್ ಮಾಡಿ ವೇರಿಯಬಲ್‌ಗಳನ್ನು ನಥಿಂಗ್‌ಗೆ ಹಾಕಿ. ನಡುವೆ ಎರರ್ ಬಂದು ಕೋಡ್ ನಿಂತರೆ ಕಣ್ಣಿಗೆ ಕಾಣದ ಎಕ್ಸೆಲ್ ಒಂದು ಓಡುತ್ತಲೇ ಇರಬಹುದು. ಆಗ ಫೈಲ್ ‘ರೀಡ್ ಓನ್ಲಿ’ ಎಂದು ತೆರೆದರೆ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಅದನ್ನು ಮುಚ್ಚಿ.