ಟ್ರಿಯೆಸ್ತೆಯಲ್ಲಿ ಒಬ್ಬಳೇ ನಾಲ್ಕು ದಿನ

ವೆನಿಸ್‌ಗೆಂದು ಇಟ್ಟುಕೊಂಡಿದ್ದ ಐದು ರಾತ್ರಿಗಳಲ್ಲಿ ನಾಲ್ಕನ್ನು ಕಿತ್ತು ಟ್ರಿಯೆಸ್ತೆಗೆ ಕೊಟ್ಟೆ. ಕಾರಣ ಕಾಫಿ. ನಾನು ಬೆಳೆದದ್ದು ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ. ಕಣದಲ್ಲಿ ಒಣಗಿದ ರೊಬಸ್ಟಾ ಮೂಟೆಯಾಗಿ ಲಾರಿ ಹತ್ತುವಾಗ, ಇದು ಇಟಲಿಯವರ ಲೋಟ ಸೇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು. ಅಲ್ಲಿ ಕಾಫಿ ಬಂದಿಳಿಯುವ ದೊಡ್ಡ ಬಂದರು ಟ್ರಿಯೆಸ್ತೆ. 1719ರಲ್ಲಿ ಆಸ್ಟ್ರಿಯಾವನ್ನಾಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆ ಆರನೆಯ ಚಾರ್ಲ್ಸ್ ಇದನ್ನು ಸುಂಕಮುಕ್ತ ಬಂದರೆಂದು ಸಾರಿದ ಮೇಲೆ ಬೆಳೆದ ಊರು ಇದು. 1918ರವರೆಗೂ ಆಸ್ಟ್ರಿಯಾದ ಕೈಯಲ್ಲಿತ್ತು.

ವೆನಿಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಬಲಗಡೆಯ ಕಿಟಕಿಯನ್ನೇ ಹಿಡಿಯಿರಿ. ಮಾನ್‌ಫಾಲ್ಕೋನೆ ದಾಟಿದ ಮೇಲೆ ಹಳಿ ಬೆಟ್ಟದ ಅಂಚಿಗೆ ಬರುತ್ತದೆ, ಕೆಳಗೆ ಏಡ್ರಿಯಾಟಿಕ್ ಸಮುದ್ರ ಥಟ್ಟನೆ ತೆರೆದುಕೊಳ್ಳುತ್ತದೆ.

ಮೊದಲ ಬೆಳಿಗ್ಗೆ ಕಾಪುಚ್ಚಿನೊ ಕೇಳಿದೆ. ಬಂದದ್ದು ಪುಟ್ಟ ಬಟ್ಟಲಿನಲ್ಲಿ ಎರಡು ಗುಟುಕು, ಮೇಲೆ ತೆಳ್ಳಗೆ ಹಾಲಿನ ನೊರೆ. ಈ ಊರಿನ ಕಾಫಿ ಭಾಷೆಯೇ ಬೇರೆ ಎಂದು ಆಗ ತಿಳಿಯಿತು. ಉಳಿದ ಇಟಲಿಯ ಎಸ್ಪ್ರೆಸೊ ಇಲ್ಲಿ ‘ನೀರೊ’. ಅದಕ್ಕೆ ಚೂರು ಹಾಲು ಬಿದ್ದರೆ ‘ಕಾಪೊ’. ಅದೇ ಕಾಪೊ ಗಾಜಿನ ಲೋಟದಲ್ಲಿ ಬೇಕಿದ್ದರೆ ‘ಕಾಪೊ ಇನ್ ಬಿ’. ದೊಡ್ಡ ಬಟ್ಟಲಿನ ಕಾಪುಚ್ಚಿನೊ ಬೇಕಾದವರು ‘ಕಾಫೆಲಾತ್ತೆ’ ಎನ್ನಬೇಕು. ನಾನು ಕಾಪೊ ಇನ್ ಬಿಗೆ ಒಗ್ಗಿಹೋದೆ. ಬೆರಳಗಲದ ಗಾಜಿನಲ್ಲಿ ಕಂದು ಮೇಲೇರಿ ಬಿಳಿಯೊಳಗೆ ಕರಗುವುದನ್ನು ನೋಡುತ್ತ, ಕಟ್ಟೆಗೆ ಮೊಣಕೈ ಊರಿ ನಿಂತೇ ಕುಡಿಯುವುದು. ನಿಂತು ಕುಡಿಯುವಲ್ಲಿ ಎಲ್ಲರೂ ಒಂಟಿಯೇ. ‘ಎಷ್ಟು ಜನ’ ಎಂದು ಯಾರೂ ಕೇಳುವುದಿಲ್ಲ, ಇಬ್ಬರ ಮೇಜನ್ನು ಒಬ್ಬಳೇ ಹಿಡಿದಿದ್ದೇನೆಂಬ ಸಂಕೋಚವೂ ಇಲ್ಲ. ಕೂರಬೇಕೆನಿಸಿದಾಗ 1914ರಲ್ಲಿ ತೆರೆದ ಕಫೆ ಸಾನ್ ಮಾರ್ಕೊಗೆ ಹೋಗುತ್ತಿದ್ದೆ. ಒಳಗೇ ಪುಸ್ತಕದಂಗಡಿಯಿದೆ, ಒಂದು ಕಾಫಿ ಮುಂದಿಟ್ಟುಕೊಂಡು ಮಧ್ಯಾಹ್ನವಿಡೀ ಓದಿದೆ, ಯಾರೂ ಬಿಲ್ಲು ತಂದಿಟ್ಟು ಎಬ್ಬಿಸಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು: ‘ನ್ಯೋಕಿ ದಿ ಸುಸೀನೆ’ ಕೇಳಿ. ಆಲೂಗಡ್ಡೆಯ ಕಣಕದೊಳಗೆ ಇಡೀ ಪ್ಲಮ್ ಹಣ್ಣನ್ನಿಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ, ಸಕ್ಕರೆ, ದಾಲ್ಚಿನ್ನಿ ಉದುರಿಸುತ್ತಾರೆ. ನನಗೆ ಅಜ್ಜಿಯ ಕಡುಬೇ ಕಣ್ಣ ಮುಂದೆ ಬಂತು.

ಮೀರಾಮಾರೆ ಅರಮನೆಯನ್ನು ಎಲ್ಲರೂ ನೋಡುತ್ತಾರೆ, ನಾನೂ ನೋಡಿದೆ. ಆದರೆ ಸಂಜೆಗಳನ್ನೆಲ್ಲ ಮೋಲೊ ಔದಾಚೆಗೆ ಮೀಸಲಿಟ್ಟೆ. ಸಮುದ್ರದೊಳಕ್ಕೆ 200 ಮೀಟರಿಗೂ ಹೆಚ್ಚು ಚಾಚಿದ ಕಲ್ಲಿನ ಧಕ್ಕೆ ಅದು, ತಡೆಗೋಡೆಯೇ ಇಲ್ಲ. ಊರಿನವರು ತುದಿಯವರೆಗೆ ನಡೆದು, ಸೂರ್ಯ ಮುಳುಗುವುದನ್ನು ನೋಡಿ ಮರಳುತ್ತಾರೆ. ನಾನು ಹೋದದ್ದು ಸೆಪ್ಟೆಂಬರಿನಲ್ಲಿ, ಗಾಳಿ ಹಿತವಾಗಿತ್ತು. ಚಳಿಗಾಲದಲ್ಲಿ ಇಲ್ಲಿ ‘ಬೋರಾ’ ಎಂಬ ಬಿರುಗಾಳಿ ಬೀಸಿದರೆ ನಿಲ್ಲುವುದೇ ಕಷ್ಟ. ಹಿಂದೆ ಜನ ಹಿಡಿದು ನಡೆಯಲೆಂದು ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ.

ಕೊನೆಯ ದಿನ ಪೆದೊಚಿನ್‌ಗೆ ಹೋದೆ. ಊರಿನ ನಡುವಿನಿಂದ ನಡೆದೇ ತಲುಪಬಹುದಾದ, ನೂರು ವರ್ಷ ದಾಟಿದ ಬೆಣಚುಕಲ್ಲಿನ ಕಡಲತೀರ. ನಡುವೆ ಎತ್ತರದ ಬಿಳಿ ಗೋಡೆಯೊಂದು ನೀರಿನೊಳಕ್ಕೂ ಇಳಿದಿದೆ: ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಮಕ್ಕಳು. ಯುರೋಪಿನಲ್ಲೂ ಇಂಥದ್ದಿದೆಯೇ ಎಂದು ನಾನೂ ಹುಬ್ಬೇರಿಸಿದ್ದೆ. ಒಳಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಆ ಗೋಡೆಯ ಮೇಲೆ ಪ್ರೀತಿ ಹುಟ್ಟಿತು. ಎಂಬತ್ತರ ಅಜ್ಜಿಯರು ಕುರ್ಚಿ ಹಾಕಿ ಇಸ್ಪೀಟು ಆಡುತ್ತಿದ್ದರು. ಯಾರೂ ಹೊಟ್ಟೆ ಒಳಗೆಳೆದುಕೊಂಡು ಕೂತಿರಲಿಲ್ಲ.

ಒಬ್ಬಳೇ ಸಮುದ್ರಕ್ಕೆ ಹೋದಾಗ ನಿಜವಾದ ತೊಡಕು ಕೈಚೀಲ. ಪಾಸ್‌ಪೋರ್ಟು, ದುಡ್ಡು, ಮೊಬೈಲ್ ದಡದಲ್ಲಿಟ್ಟು ಈಜುವುದು ಹೇಗೆ? ಮೊಣಕಾಲು ನೀರಿನಲ್ಲಿ ನಿಂತು ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದೆ. ಪಕ್ಕದ ಅಜ್ಜಿಯೊಬ್ಬರು ಇಸ್ಪೀಟಿನ ಎಲೆ ಕೆಳಗಿಟ್ಟು, ಚೀಲ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಸಮುದ್ರದ ಕಡೆ ಕೈಬೀಸಿದರು. ಆಳದವರೆಗೆ ಈಜಿ ತಿರುಗಿ ನೋಡಿದೆ. ಅವರು ನನ್ನ ಚೀಲವನ್ನು ಬಿಸಿಲಿನಿಂದೆತ್ತಿ ತಮ್ಮ ಕುರ್ಚಿಯ ನೆರಳಿಗೆ ಸರಿಸುತ್ತಿದ್ದರು.