ಕಾಲ್ ರೂಮಿನಲ್ಲಿ ಕಲಿತ ಈಜುಡುಪಿನ ನಿಯಮ

ನಲವತ್ತು ದಾಟಿದ ಮೇಲೆ ಮಾಸ್ಟರ್ಸ್ ಈಜು ಸ್ಪರ್ಧೆಗಳಿಗೆ, ಅಂದರೆ ವಯಸ್ಕರಿಗೆ ವಯೋಗುಂಪುಗಳಲ್ಲಿ ನಡೆಯುವ ಸ್ಪರ್ಧೆಗಳಿಗೆ, ಇಳಿದವನು ನಾನು. ಮೊದಲ ಸ್ಪರ್ಧೆಗೆ ಮುನ್ನ ನನ್ನ ಚಿಂತೆಯೆಲ್ಲ 200 ಮೀಟರ್ ಫ್ರೀಸ್ಟೈಲಿನ ಕೊನೆಯ 50 ಮೀಟರನ್ನು ಹೇಗೆ ಮುಗಿಸುವುದೆಂಬುದೇ ಆಗಿತ್ತು; ತೊಟ್ಟ ಬಟ್ಟೆಗೂ ಯಾರಾದರೂ ತಕರಾರು ತೆಗೆದಾರು ಎಂದು ಹೊಳೆದಿರಲಿಲ್ಲ.

ನನ್ನ ಜಾಮರ್, ಅಂದರೆ ಸೊಂಟದಿಂದ ಮಂಡಿಯವರೆಗಿನ ಬಿಗಿ ಈಜುಚಡ್ಡಿ, ಹೊಸದು; ವಿಶ್ವ ಈಜು ಸಂಸ್ಥೆಯ ಅನುಮೋದನೆಯ ಗುರುತೂ ಅದರ ಮೇಲಿತ್ತು. ಆದರೆ ಅಭ್ಯಾಸದ ರೂಢಿಯಂತೆ, ಸಂಕೋಚಕ್ಕೆಂದು, ಅದರೊಳಗೆ ಒಂದು ಸಣ್ಣ ಬ್ರೀಫ್ ತೊಟ್ಟಿದ್ದೆ. ಸ್ಪರ್ಧೆಗೆ ಮುನ್ನ ಈಜುಗಾರರನ್ನು ಸೇರಿಸಿ ಪರಿಶೀಲಿಸುವ ಕೋಣೆಯಾದ ಕಾಲ್ ರೂಮಿನಲ್ಲಿ ಅಧಿಕಾರಿಯೊಬ್ಬರು ನನ್ನ ಸೊಂಟದ ಬಳಿ ಇಣುಕುತ್ತಿದ್ದ ಅದರ ಅಂಚನ್ನು ನೋಡಿ, "ಒಂದೇ ಉಡುಪು ಇರಬೇಕು, ಒಳಗಿನದನ್ನು ತೆಗೆದು ಬನ್ನಿ" ಎಂದರು. ಹದಿನೈದು ನಿಮಿಷ ಹೆಣಗಿ ಏರಿಸಿದ್ದ ಜಾಮರನ್ನು ಕಳಚಿ, ಬೆವೆತ ತೊಡೆಗಳ ಮೇಲೆ ಮತ್ತೆ ಎಳೆದುಕೊಂಡು ಓಡಿ ಬರುವಷ್ಟರಲ್ಲಿ ನನ್ನ ಹೀಟಿನವರು, ಅಂದರೆ ಒಟ್ಟಿಗೆ ಈಜಬೇಕಿದ್ದ ಗುಂಪಿನವರು, ಸಾಲಾಗಿ ಹೊರಡುತ್ತಿದ್ದರು. ಆ ದಿನ ಮೊದಲ 50 ಮೀಟರಿನಲ್ಲೇ ನನಗೆ ಏದುಸಿರು ಬಂದಿದ್ದರೆ ಆಶ್ಚರ್ಯವೇನಿಲ್ಲ.

ಬ್ರೀಫಿನಿಂದ ನನಗೆ ವೇಗವೇನೂ ಬರುತ್ತಿರಲಿಲ್ಲ, ಹಾಗಾಗಿ ಈ ನಿಯಮ ಕಿರಿಕಿರಿಯೆಂದೇ ಅನಿಸಿತು. ಆದರೆ 2008ರ ಸುಮಾರಿಗೆ ಕೆಲವರು ಒಂದರ ಮೇಲೊಂದು ಸೂಟ್ ತೊಟ್ಟು ಈಜುತ್ತಿದ್ದರು, ನಡುವೆ ಸಿಕ್ಕಿಬೀಳುವ ಗಾಳಿ ಅವರನ್ನು ತೇಲಿಸುತ್ತದೆಂಬ ಆಕ್ಷೇಪವಿತ್ತು ಎಂದು ತಿಳಿದ ಮೇಲೆ ಸಿಟ್ಟು ಇಳಿಯಿತು.

ಆ ಕಾಲದ ಉಡುಪು ಏನು ಮಾಡುತ್ತಿತ್ತೆಂಬುದನ್ನು ನಾನು ಮೈಮೇಲೆಯೇ ಕಂಡಿದ್ದೇನೆ. ಗೆಳೆಯರೊಬ್ಬರ ಬಳಿ ಉಳಿದಿದ್ದ, ಬೆನ್ನಿಗೆ ಜಿಪ್ ಇದ್ದ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಹಳೆಯ ಸೂಟನ್ನು ಒಂದು ಬೆಳಿಗ್ಗೆ ಅಭ್ಯಾಸಕ್ಕೆ ತೊಟ್ಟು ನೋಡಿದೆ. ಕಾಲು ಬಡಿತ ಸೋತಾಗ ಯಾವಾಗಲೂ ಕೆಳಗಿಳಿಯುವ ನನ್ನ ಸೊಂಟ ಅಂದು ನೀರಿನ ಮೇಲ್ಮೈಯಲ್ಲೇ ಉಳಿಯಿತು. ಹಿಂದಿನಿಂದ ಯಾರೋ ಹಿಡಿದೆತ್ತಿದಂತಿತ್ತು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದುಬಿದ್ದದ್ದೂ, ನನ್ನದೇ ಸ್ಪರ್ಧೆಯಾದ 200 ಮೀಟರ್ ಫ್ರೀಸ್ಟೈಲಿನಲ್ಲಿ ಜರ್ಮನಿಯ ಪಾಲ್ ಬೀಡರ್ಮನ್ 1 ನಿಮಿಷ 42.00 ಸೆಕೆಂಡಿನಲ್ಲಿ ಈಜಿ ಅಮೆರಿಕದ ಮೈಕೆಲ್ ಫೆಲ್ಪ್ಸ್‌ರನ್ನು ಹಿಂದಿಕ್ಕಿದ್ದೂ ಇಂಥ ಸೂಟುಗಳ ಕಾಲದಲ್ಲೇ. ಬೀಡರ್ಮನ್‌ರ ಸಾಮರ್ಥ್ಯವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಬೆಳಗಿನ ನಂತರ ಆ ಸಮಯವನ್ನು ಬರಿಯ ತೋಳುಗಳ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

2010ರ ಜನವರಿ 1ರಿಂದ ಉಡುಪು ನೇಯ್ದ ಅಥವಾ ಹೆಣೆದ ಬಟ್ಟೆಯದೇ ಆಗಿರಬೇಕು ಎಂದಾಯಿತು. ಗಂಡಸರದು ಹೊಕ್ಕುಳಿಗಿಂತ ಮೇಲೆ ಹೋಗುವಂತಿಲ್ಲ; ಹೆಂಗಸರದು ಕತ್ತನ್ನು ಮುಚ್ಚುವಂತಿಲ್ಲ, ಭುಜವನ್ನು ದಾಟುವಂತಿಲ್ಲ; ಇಬ್ಬರದೂ ಮಂಡಿಯ ಕೆಳಗೆ ಇಳಿಯುವಂತಿಲ್ಲ. ಜಿಪ್ ಇಲ್ಲ, ದಪ್ಪ 0.8 ಮಿಲಿಮೀಟರಿಗಿಂತ ಹೆಚ್ಚಿರಬಾರದು, ತೇಲಿಸುವ ಬಲ 0.5 ನ್ಯೂಟನ್ ಮೀರಬಾರದು, ಬಟ್ಟೆಯ ಮೂಲಕ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 80 ಲೀಟರಿಗಿಂತ ಹೆಚ್ಚು ಗಾಳಿ ಹಾಯಬೇಕು. ಇದ್ಯಾವುದನ್ನೂ ನಾವು ಮನೆಯಲ್ಲಿ ಅಳೆಯಲಾರೆವು. ಆದ್ದರಿಂದಲೇ ನಾನೀಗ ಕೊಳ್ಳುವ ಮುನ್ನ ಮಾದರಿಯ ಹೆಸರನ್ನು ಅನುಮೋದಿತ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸುತ್ತೇನೆ. ಒಂದೇ ಹೆಸರಿನ ಹಿಂದೆಮುಂದೆ ಒಂದು ಅಂಕಿ ಬದಲಾದರೂ ಅದು ಬೇರೆ ಉಡುಪೇ.

ಗುರುತು ಇದ್ದರೆ ಸಾಕು ಎಂಬ ನನ್ನ ಎರಡನೆಯ ತಪ್ಪು ಕಲ್ಪನೆಯನ್ನು ಬಿಡಿಸಿದವರು ನಮ್ಮ ಕೋಚ್. ತೊಡುವಾಗ ಉಗುರು ತಾಗಿ ತೊಡೆಯ ಹೊಲಿಗೆ ಬಿಟ್ಟಿತ್ತು. ನಾನು ಒಳಗಿನಿಂದ ನೀರು ತಾಗದ ಟೇಪ್ ಅಂಟಿಸಿಕೊಂಡು ಜಾಣನಾದೆನೆಂದುಕೊಂಡೆ. ಅವರು ಅಂಚನ್ನು ಮಗುಚಿ ನೋಡಿ, "ತಯಾರಕರು ಪರೀಕ್ಷೆಗೆ ಕೊಟ್ಟ ಸೂಟಿನಲ್ಲಿ ಈ ಟೇಪ್ ಇತ್ತೇ?" ಎಂದಷ್ಟೇ ಕೇಳಿದರು. ಅದನ್ನು ಅಭ್ಯಾಸಕ್ಕಿಟ್ಟು ಬೇರೆಯದನ್ನು ತೊಟ್ಟೆ.

ಈಗ ಉಗುರು ಕತ್ತರಿಸಿ, ಮೈ ಪೂರ್ತಿ ಒರೆಸಿಕೊಂಡು, ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಸುತ್ತಿ, ಬೆರಳಿನ ತುದಿಯಿಂದಲ್ಲದೆ ಅಂಗೈಯಿಂದ ಬಟ್ಟೆಯನ್ನು ಇಂಚಿಂಚಾಗಿ ಮೇಲೇರಿಸುತ್ತೇನೆ. ಮೊದಲು ತೊಡೆ ಸರಿಹೋಗಬೇಕು. ಸೊಂಟಕ್ಕೆ ಆತುರಪಟ್ಟರೆ ಬಟ್ಟೆ ಕಡಿಮೆ ಬೀಳುತ್ತದೆ. ಕೊನೆಗೆ ಕನ್ನಡಿಯ ಮುಂದೆ ನಿಂತು, ಕೆಳಗಿನ ಅಂಚು ಮಂಡಿಚಿಪ್ಪನ್ನು ದಾಟಿಲ್ಲವೆಂದು ನೋಡಿಕೊಂಡು ಕಾಲ್ ರೂಮಿಗೆ ಹೋಗುತ್ತೇನೆ. ಬ್ರೀಫ್ ಚೀಲದಲ್ಲೇ ಇರುತ್ತದೆ.